ಚಿನ್ನಪ್ಪನ ಕಡೆಯವರು

ಚಿನ್ನದ ಗಣಿಯ ಊರಾದ ಆಂಡರ್ಸನ್‌ಪೇಟೆಗೆ ಬಂದ ಮೊದಲ ದಿನವೇ ನೆಲ ನಡುಗಿತು. ಭೂಕಂಪವೆಂದು ಉಣ್ಣುತ್ತಿದ್ದ ತಟ್ಟೆ ಬಿಟ್ಟು ಬೀದಿಗೋಡಿದೆ. ನನ್ನ ಹೊರತು ಓಡಿದವರಿಲ್ಲ. ಹೆಂಗಸರು ಹೊಸ್ತಿಲಲ್ಲಿ ನಿಂತು ಗಣಿಯ ಕಡೆ ನೋಡುತ್ತಿದ್ದರು. "ಭೂಕಂಪ ಅಲ್ಲ ಸಾಮಿ, ಒಳಗೆ ಬಂಡೆ ಸಿಡೀತು," ಎಂದರು ಮನೆಯೊಡತಿ ಮುನಿಯಮ್ಮ. ಅವರ ಗಂಡ ಚಿನ್ನಪ್ಪ ಆಗ ಆ ಒಳಗೇ ಇದ್ದರು.

ಧಾರವಾಡದ ಗೆಳೆಯರೇ, ನಮ್ಮಲ್ಲಿ ನೆಲವೆಂದರೆ ಕಾಲೂರುವ ಜಾಗ. ಇಲ್ಲಿ ಅದೊಂದು ಸೂರು, ಅದರಡಿ ಜನರಿದ್ದಾರೆ.

ಇಲ್ಲಿನ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತ, ದೇಶಗಳ ಗಡಿ ಒಪ್ಪಂದಗಳ ಮೇಲೆ ಪ್ರಬಂಧ ಬರೆಯುತ್ತಿದ್ದೇನೆ. ಜೋಳದ ರೊಟ್ಟಿಯ ಬಾಯಿ, ಮುದ್ದೆಯನ್ನು ಅಗಿದು ನಗೆಪಾಟಲಾದೆ. ಅಂಗಡಿಯಲ್ಲಿ ಮಾತು ಕನ್ನಡದಲ್ಲಿ ಶುರುವಾಗಿ, ತೆಲುಗಿಗೆ ಹೊರಳಿ, ತಮಿಳಿನಲ್ಲಿ ಮುಗಿಯುತ್ತದೆ. ಗಡಿಗಳ ಪಂಡಿತನಿಗೆ ಒಂದು ಗಡಿಯೂ ಕಾಣುವುದಿಲ್ಲ. "ದೇಶದೇಶದ ಜಗಳ ಓದಾಕೂ ಸಂಬ್ಳ ಕೊಡ್ತಾರಾ ಸಾಮಿ?" ಎಂದು ಚಿನ್ನಪ್ಪ ಕೆಣಕುತ್ತಿದ್ದರು. ಊರು ಬಿಟ್ಟ ಮೇಲೆ ನನಗಾಗಿ ಊಟಕ್ಕೆ ಕಾದವರು ಅವರೊಬ್ಬರೇ. ಅವರನ್ನು ಬಹಳ ಹಚ್ಚಿಕೊಂಡಿದ್ದೆ.

ಚೀನಾ ಯುದ್ಧವಾದ ಮೇಲೆ ನನ್ನ ವಿಷಯಕ್ಕೆ ಇದ್ದಕ್ಕಿದ್ದಂತೆ ಬೆಲೆ ಬಂತು. ವಿದೇಶಾಂಗ ಇಲಾಖೆಯ ಕೆಲಸಕ್ಕೆ ದೆಹಲಿಯಿಂದ ಸಂದರ್ಶನಕ್ಕೆ ಕರೆದರು. ಓದು ಶುರುವಾದಾಗಿನಿಂದ ನಾನು ಬಯಸಿದ ಕೆಲಸ ಅದೊಂದೇ. ಹೊರಡುವ ದಿನ ಸಂಜೆ ಬಂಗಾರಪೇಟೆಯಿಂದ ರೈಲು. ಬೆಳಿಗ್ಗೆ ಪಾಳಿಗೆ ಹೊರಟ ಚಿನ್ನಪ್ಪ, "ದೊಡ್ಡೋರಾಗಿ ಬನ್ನಿ," ಎಂದರು. ಮಧ್ಯಾಹ್ನ ನೆಲ ನಡುಗಿತು, ಹಿಂದೆಂದೂ ಇಲ್ಲದಷ್ಟು ಹೊತ್ತು.

ಅಷ್ಟು ಹೊತ್ತು ನಡುಗಿದರೆ, ಪಾಳಿಯವರು ಮೇಲೆ ಬರುವವರೆಗೆ ಇಲ್ಲಿ ಯಾರೂ ಉಣ್ಣುವುದಿಲ್ಲ, ಊರು ಬಿಡುವುದಿಲ್ಲ; ಗಣಿಯ ಬಾಯಿಯ ಹತ್ತಿರ ಹೋಗಿ ನಿಲ್ಲುತ್ತಾರೆ. ಪೆಟ್ಟಿಗೆ ಹಿಡಿದುಕೊಂಡೇ ಮುನಿಯಮ್ಮನವರ ಜೊತೆ ಹೋದೆ.

"ನೀವು ಓಗಿ ಸಾಮಿ, ರೈಲು ತಪ್ತದೆ. ನಿಮ್ಮೋರು ಯಾರೂ ಒಳಗಿಲ್ವಲ್ಲ."

ಆ ಮಾತು ಚುಚ್ಚಿತು. "ಇಲ್ರೀ ಅಕ್ಕಾ, ನಾ ಎಲ್ಲೂ ಹೋಗಂಗಿಲ್ಲ," ಎಂದೆ.

ಕೇಜು, ಅಂದರೆ ಆಳುಗಳನ್ನು ಇಳಿಸಿ ಏರಿಸುವ ಕಬ್ಬಿಣದ ಗೂಡು, ಮತ್ತೆ ಮತ್ತೆ ಮೇಲೆ ಬಂತು. ಪ್ರತಿ ಸಲವೂ ಯಾರದೋ ಮನೆಯವರು ಅಳುತ್ತ ನಗುತ್ತ ಮುಂದೋಡಿದರು. ನಿಂತವರು ಕಡಿಮೆಯಾಗುತ್ತ ಬಂದರು. ರೈಲಿನ ಹೊತ್ತು ಮೀರಿತು. ಕೊನೆಗೆ ನಾವಿಬ್ಬರೇ ಉಳಿದೆವು.

ಗಣಿಯ ಕಾವಲುಗಾರ ಬಂದು ತಲೆ ತಗ್ಗಿಸಿ ಕೇಳಿದ: "ಚಿನ್ನಪ್ಪನ ಕಡೆ ಗಂಡಸ್ರು ಯಾರವ್ರೆ? ಗುರುತು ಇಡಿಯಾಕೆ ಒಬ್ರು ಬರ್ಬೇಕು."

ಮುನಿಯಮ್ಮ ನನ್ನ ತೋಳು ಹಿಡಿದರು. "ಇವ್ರೇ ನಮ್ಮೋರು," ಎಂದರು.

ಈ ಊರು ನನ್ನನ್ನು ತನ್ನವನೆಂದು ಕರೆದದ್ದು ಅಂದೇ ಮೊದಲು. ಧಾರವಾಡಕ್ಕೆ ಓಡಿಬಿಡೋಣ ಎನಿಸಿದ್ದೂ ಅಂದೇ ಮೊದಲು. ಪೆಟ್ಟಿಗೆಯನ್ನು ಮುನಿಯಮ್ಮನವರ ಕೈಗೆ ಕೊಟ್ಟು ಕಾವಲುಗಾರನ ಹಿಂದೆ ಒಳಗೆ ಹೋದೆ.