ರೀವ ಹಕ್ಕಿಯ ಮೊಟ್ಟೆ
ಕಳೆದ ಬೇಸಿಗೆಯಲ್ಲಿ ಒಂದು ದಿನ, ಶಾಲೆಯಲ್ಲಿ ಕಲಿಸುವ ನನ್ನಕ್ಕನ ಜೊತೆ ಮುದ್ದೇಬಿಹಾಳದಿಂದ ಬೈಕಿನಲ್ಲಿ ಕೃಷ್ಣೆಯ ಹಿನ್ನೀರಿಗೆ ಹಕ್ಕಿ ನೋಡಲು ಹೋಗಿದ್ದೆ. ನೀರು ಇಳಿದ ದಂಡೆಯಲ್ಲಿ, ಬರೀ ಮರಳಿನ ಮೇಲೆ ರೀವ ಹಕ್ಕಿಯ ಎರಡು ಮೊಟ್ಟೆಗಳಿದ್ದವು. ನಾನು ಬಗ್ಗಿ ಫೋಟೊ ತೆಗೆಯತೊಡಗಿದೆ. ಹಕ್ಕಿ ಕಿರುಚುತ್ತ ನನ್ನ ತಲೆಗೆ ಎರಗುತ್ತಿತ್ತು.

“ಮರಳು ಮುಟ್ಟಿ ನೋಡು,” ಎಂದಳು ಅಕ್ಕ.

ಮುಟ್ಟಿದೆ. ಕೈ ಚುರ್ರೆಂದಿತು.

“ನಾವು ಇಲ್ಲೇ ನಿಂತ್ರ ಅದು ಬಂದು ತತ್ತಿಗೆ ನೆರಳಾಗಿ ಕುಂಡ್ರೂದಿಲ್ಲ. ಒಳಗಿನ ಜೀವ ಬೇಯತೈತಿ. ನಡಿ.”

ದೂರದ ಜಾಲಿಮರದ ಕೆಳಗೆ ಹೋದರೂ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹಕ್ಕಿ ಇನ್ನೂ ಸುತ್ತುತ್ತಲೇ ಇತ್ತು.

“ಕುಂಡ್ರವಲ್ದಲ್ಲ ಅಕ್ಕಾ,” ಎಂದು ನಾಲ್ಕು ಸಲವಾದರೂ ಅಂದೆ. ಅವಳು ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ.

ಕೊನೆಗೆ ಹಕ್ಕಿ ನೀರಿಗಿಳಿದು ಹೊಟ್ಟೆ ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂತಿತು.

“ಕುಂತೈತಿ, ನೋಡು,” ಎಂದು ಅಕ್ಕ ದುರ್ಬೀನು ಕೊಟ್ಟಳು. ಅವಸರದಲ್ಲಿ ಕಣ್ಣಿಗೊತ್ತಿಕೊಂಡು ಫೋಕಸ್ ಅತ್ತಿತ್ತ ತಿರುಗಿಸಿದೆ. ಹಕ್ಕಿ ಸರಿಯಾಗಿ ಕಾಣಲೇ ಇಲ್ಲ.