ಒಂದೂವರೆ ವರ್ಷದ ಸಿಪಾಯಿ

ನಲವತ್ತರ ದಶಕದ ಮೊದಲಿಗೆ ಬೈಂದೂರಿನಿಂದ ಬ್ರಹ್ಮಾವರದ ತನಕ ರೈಲು ಕಂಡವರು ಬೆರಳೆಣಿಕೆಯಷ್ಟು. ನಮ್ಮ ಜನ ಬಿದ್ದು ಸಾಯುತ್ತಿದ್ದುದು ತೆಂಗಿನ ಮರದಿಂದ, ಇಲ್ಲವೇ ದೋಣಿಯಿಂದ. ಹಾಗಿರುವಾಗ ನನ್ನ ದೊಡ್ಡಮ್ಮನ ಒಬ್ಬನೇ ಮಗ ಮುಂಬಯಿಗೆ ಹೋಗಿ ರೈಲಿನ ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಕೆಲಸ ಹಿಡಿದ. ಅದು ಸಾಲಿಗ್ರಾಮದ ಬದಿಯ ನಮ್ಮ ಮನೆತನಕ್ಕೆ ಹೆಮ್ಮೆಯೋ ಅವಮಾನವೋ ಎಂಬುದು ತೀರ್ಮಾನವಾಗಿರಲಿಲ್ಲ. ಅಗ್ನಿಕಾರ್ಯವೇ ಆದ್ದರಿಂದ ಬ್ರಾಹ್ಮಣನಿಗೆ ದೋಷವಿಲ್ಲ ಎಂದು ಪುರೋಹಿತ ಭಟ್ಟರು ಸಮಾಧಾನ ಹೇಳಿದ್ದರು.

ಒಂದು ದಿನ ಅವನು ಉಣ್ಣುತ್ತಿದ್ದ ಹೋಟೆಲಿನವರ ಕಾರ್ಡು ಬಂತು: ಹುಡುಗ ಓಡುವ ಇಂಜಿನ್ನಿನಿಂದ ಬಿದ್ದನಂತೆ, ಎಂಟು ದಿನದಿಂದ ಊಟಕ್ಕೆ ಬಂದಿಲ್ಲ. ಹಿರಿಯರು ಜಗಲಿಯಲ್ಲಿ ಕೂತು ವಿಚಾರಣೆ ನಡೆಸಿದರು. ಬಿದ್ದದ್ದಕ್ಕಿಂತ ಊಟಕ್ಕೆ ಬಾರದ್ದೇ ಅವರಿಗೆ ಬಲವಾದ ಸಾಕ್ಷಿಯಾಗಿ ಕಂಡಿತು. ಇನ್ನೊಂದು ಕಾಗದ ಬರಲಿ ಎಂದು ದೊಡ್ಡಮ್ಮ ಗೋಗರೆದರೂ ಕೇಳುವವರಿಲ್ಲ. ಹೆಣವಿಲ್ಲದ್ದರಿಂದ ದರ್ಭೆಯ ಬೊಂಬೆ ಮಾಡಿ ಹೊಳೆಬದಿಯಲ್ಲಿ ಸುಟ್ಟರು. ಅಪ್ಪನೂ ತಮ್ಮಂದಿರೂ ಇಲ್ಲದವನಿಗೆ ತಲೆ ಬೋಳಿಸಿಕೊಂಡು ಬೆಂಕಿ ಕೊಟ್ಟವನು ನಾನು. ಹುಲ್ಲಿಗಾಗಿ ಅಷ್ಟು ಪ್ರಾಮಾಣಿಕವಾಗಿ ಅತ್ತವರು ಜಿಲ್ಲೆಯಲ್ಲಿ ಇನ್ನೊಬ್ಬರಿರಲಾರರು.

ಹದಿಮೂರನೆಯ ದಿನ ಊಟಕ್ಕೆ ಎಲೆ ಹಾಕುವಾಗ ಸತ್ತವನು ಕೋಲೂರಿಕೊಂಡು ಅಂಗಳಕ್ಕೆ ಬಂದ. ಕಾಲು ಉಳುಕಿ ಆಸ್ಪತ್ರೆಯಲ್ಲಿದ್ದನಂತೆ. ನನ್ನ ಬೋಳುತಲೆ ನೋಡಿ ಕೇಳಿದ:

"ಎಂತ ಮಾರಾಯ, ಯಾರ್ ಹೋದ್ರ್?"

"ನೀನೇ," ಎಂದೆ.

ಕೋಲನ್ನು ಜಗಲಿಗೆ ಒರಗಿಸಿ, ಪಾಯಸ ಏನು ಮಾಡಿದ್ದಾರೆ ಎಂದು ವಿಚಾರಿಸಿದ.

ಆದರೆ ಸತ್ತವರಿಗೆ ಪಂಕ್ತಿಯಲ್ಲಿ ಎಲೆಯಿಲ್ಲ ಎಂದು ಭಟ್ಟರು ತಡೆದರು. ಕ್ರಿಯೆಯಾದವನು ಮರಳಿದರೆ ಮತ್ತೆ ಹುಟ್ಟಬೇಕು, ಅದು ಶಾಸ್ತ್ರ. ಮರುದಿನ ಹುಟ್ಟಿದ. ತುಪ್ಪ ಹಚ್ಚಿ ಮೀಯಿಸಿ, ಮೀಸೆ ಹೊತ್ತ ಗಂಡಸನ್ನು ತೊಟ್ಟಿಲಲ್ಲಿ ಸೊಂಟದವರೆಗೆ ಇಳಿಸಿದರು. ದೊಡ್ಡಮ್ಮ ಅಳುತ್ತಲೇ ನಗುತ್ತ ತೂಗಿದಳು. ಕಿವಿಯಲ್ಲಿ ಹಳೆಯ ಹೆಸರನ್ನೇ ಉಸುರಿದರು, ರೈಲ್ವೆಯವರ ಪುಸ್ತಕದಲ್ಲಿ ಅದೇ ಇತ್ತಲ್ಲ. ಉಪನಯನಕ್ಕೆ ಎಂಟು ವರ್ಷ ತುಂಬಬೇಕು, ಅವಸರವಿಲ್ಲ. ಅಲ್ಲಿಯ ತನಕ ಹಳೆಯ ಜನಿವಾರ ತಾತ್ಕಾಲಿಕವಾಗಿ ಇರಲಿ ಎಂದು ಭಟ್ಟರು ಅಪ್ಪಣೆ ಕೊಡಿಸಿದರು.

ತೊಟ್ಟಿಲನ್ನು ಇಳಿಸಲು ದೊಡ್ಡಮ್ಮ ಬಿಡಲಿಲ್ಲ. ಇನ್ನು ಯಾರ ಕಾಗದ ಬಂದರೂ ಮಗನನ್ನು ಸುಡಗೊಡುವುದಿಲ್ಲ ಎಂದು ಅದರ ಹಗ್ಗ ಹಿಡಿದೇ ಹೇಳಿದಳು.

ಕಾಲು ವಾಸಿಯಾಗಿ ಅವನು ಮುಂಬಯಿಗೆ ಮರಳಿದ. ತೊಟ್ಟಿಲ ಶಾಸ್ತ್ರವಾಗಿ ಆರು ತಿಂಗಳಿಗೆ ಸೈನ್ಯದವರು ಯುದ್ಧಕಾಲದ ತಮ್ಮ ಹಳಿಗಳಿಗೆ ರೈಲ್ವೆಯ ಆಳುಗಳನ್ನು ಕರೆದರು. ಇವನು ಹೆಸರು ಕೊಟ್ಟು, ಊರಿಗೆ ಬಂದು ನನಗೊಬ್ಬನಿಗೇ ಮೊದಲು ಹೇಳಿದ: "ಭಟ್ರ್ ಲೆಕ್ಕದಗೆ ನಂಗೆ ಆರ್ ತಿಂಗ್ಳ್. ಹಲ್ಲ್ ಬಪ್ಪುಕ್ ಮುಂಚೆ ಬಂದೂಕ್ ಕೊಡ್ತ್ರ್ ಕಾಣ್."

ಈಜಿಪ್ಟಿನಿಂದ ಬಂದ ಕಾಗದಗಳ ಕೊನೆಗೆ 'ನಿಮ್ಮ ಶಿಶು' ಎಂದು ರುಜು. ಇಲ್ಲಿ ಮರವಂತೆಯ ಮರಳದಂಡೆಯ ಹಾಗೆ ಹೊಯಿಗೆಯೇ ಹೊಯಿಗೆ, ಕಡಲು ತರಲು ಮಾತ್ರ ಮರೆತಿದ್ದಾರೆ ಎಂದು ಬರೆದಿದ್ದ.

ವರ್ಷ ಕಳೆದ ಮೇಲೆ ಬಂದದ್ದು ಸರಕಾರದ ಕಾಗದ. ಪೋಸ್ಟ್ ಮಾಸ್ತರರು ನಿಂತುಕೊಂಡೇ ಓದಿ ಹೇಳಿದರು: ಇಂಜಿನ್ನಿನ ಮೇಲೆ ಬಾಂಬು ಬಿತ್ತು, ಅಲ್ಲಿಯೇ ಮಣ್ಣು ಮಾಡಿದ್ದಾರೆ. ಈ ಸಲ ಊಟಕ್ಕೆ ಬಾರದ ಮಾತಿರಲಿಲ್ಲ.

ಭಟ್ಟರು ದರ್ಭೆಯ ಕಟ್ಟು ಹಿಡಿದು ಬಂದರು. ಬಾವಿಕಟ್ಟೆಯ ಬಳಿ ಕ್ಷೌರಿಕ ನನ್ನ ತಲೆಗೆ ಕತ್ತಿ ಇಟ್ಟಾಗಿತ್ತು. ದೊಡ್ಡಮ್ಮ ಹೊಸ್ತಿಲಿಗೆ ಬಂದು ನಿಂತಳು.

"ಭಟ್ರೆ, ಅವ್ನಿಗೆ ವಯಸ್ಸ್ ಎಷ್ಟ್?"

ಇಪ್ಪತ್ತ... ಎಂದು ಶುರುಮಾಡಿದ ಭಟ್ಟರು ಅಲ್ಲಿಗೇ ನಿಂತರು.

"ನೀವೇ ತೊಟ್ಲಿಗ್ ಹಾಕಿದ್ದ್. ಒಂದೂವರೆ ವರ್ಷ ಆಯ್ತ್. ಎರಡ್ ತುಂಬದ್ ಮಕ್ಳಿಗೆ ಬೆಂಕಿ ಇಲ್ಲ, ಮಣ್ಣ್ ಮಾತ್ರ ಅಲ್ದಾ? ಮಣ್ಣ್ ಅವ್ರ್ ಮಾಡಿದ್ರ್. ನೀವ್ ಇನ್ನೊಂದ್ ಸಲ ಸುಡುದ್ ಬೇಡ."

ಭಟ್ಟರು ಶಾಸ್ತ್ರವನ್ನೆಲ್ಲ ಮನಸ್ಸಿನಲ್ಲೇ ತಡಕಾಡಿದರು. ಕೊನೆಗೆ ದರ್ಭೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು.

ನನ್ನ ತಲೆ ಅರ್ಧ ಬೋಳಾಗಿತ್ತು. ಉಳಿದದ್ದನ್ನು ಏನು ಮಾಡಲಿ ಎಂದು ಕ್ಷೌರಿಕ ದೊಡ್ಡಮ್ಮನನ್ನೇ ಕೇಳಿದ. ಬೆಳೆಯಲಿ ಎಂದಳು. ಆಮೇಲೆ ಒಳಗೆ ಹೋಗಿ, ಮಣೆಯ ಮೇಲೆ ಹತ್ತಿ, ತೊಟ್ಟಿಲಿನ ಹಗ್ಗ ಬಿಚ್ಚತೊಡಗಿದಳು.