ಕಮಾನಿಗೆ ಸವರಿದ ಎಣ್ಣೆ

ರಾಳದ ವಾಸನೆ ಎಲ್ಲಿ ಬಂದರೂ ನನಗೆ ಮೊದಲು ಕಾಣುವುದು ನೊಣವಿನಕೆರೆ ಕಡೆಯ ನಮ್ಮ ಹಳೆಯ ಮನೆಯ ಪಡಸಾಲೆ. ಆ ಮನೆ ಈಗಿಲ್ಲ. ಎಪ್ಪತ್ತರ ದಶಕದಲ್ಲಿ ಅಲ್ಲಿ ಕೂತು ನನ್ನ ದೊಡ್ಡಪ್ಪ ಪಿಟೀಲಿನ ಕಮಾನು ಮಾಡುತ್ತಿದ್ದರು. ಹರೆಯದಲ್ಲಿ ಮೈಸೂರಿಗೆ ಹೋಗಿ, ವಾದ್ಯ ರಿಪೇರಿಯವರೊಬ್ಬರ ಬಳಿ ಕಲಿತು ಬಂದ ಕೆಲಸ. ತಡಸಲು ಮರದ ಕಡ್ಡಿಯನ್ನು ತೆಳ್ಳಗೆ ಹೆರೆದು, ಕರಟದ ಕೆಂಡದ ಮೇಲೆ ಹಿಡಿದು, ಉಸಿರು ಬಿಗಿಹಿಡಿದು ಬಾಗಿಸುವರು. ಬೆಂಗಳೂರಿನ ವಿದ್ವಾಂಸರು ತಿಪಟೂರಿನಲ್ಲಿ ರೈಲಿಳಿದು, ಬಸ್ಸು ಹಿಡಿದು ಬಂದು, ಕಾದು ಕೂತು ಕಮಾನು ಒಯ್ದದ್ದನ್ನು ನಾನೇ ಕಂಡಿದ್ದೇನೆ.

ಆದರೆ ನಮ್ಮದು ಕೊಬ್ಬರಿ ಮನೆ. ಅಂಥ ಮನೆಯಲ್ಲಿ ಬೆಳೆದವರಿಗೆ ಗೊತ್ತು, ಕಂಬ, ಬಾಗಿಲು, ಮಕ್ಕಳ ಕೈ, ಯಾವುದನ್ನು ಮುಟ್ಟಿದರೂ ಜಿಡ್ಡು. ಕಮಾನಿನ ಕುದುರೆ ಕೂದಲಿಗೆ ಜಿಡ್ಡು ತಗುಲಿದರೆ ರಾಳ ಹಿಡಿಯುವುದಿಲ್ಲ, ತಂತಿಯ ಮೇಲೆ ಜಾರುತ್ತದೆ, ಸ್ವರ ಹೊರಡುವುದಿಲ್ಲ. ದೊಡ್ಡಪ್ಪ ಸೀಗೇಪುಡಿಯಲ್ಲಿ ಕೈ ತೊಳೆದೇ ಕೆಲಸಕ್ಕೆ ಕೂರುತ್ತಿದ್ದರು. ಗೋಡೆಯ ಮೊಳೆಗೆ ತೂಗುಹಾಕಿದ ಕಮಾನನ್ನು ಮುಟ್ಟುವ ಅಪ್ಪಣೆ ದೊಡ್ಡಮ್ಮನಿಗೆ ಮಾತ್ರ ಇತ್ತು, ಅದೂ ಕೈ ತೊಳೆದು.

ನನಗೆ ಏಳು ವರ್ಷವಾಗಿದ್ದಾಗಿನ ಯುಗಾದಿ. ಬೆಳಿಗ್ಗೆ ಎಲ್ಲರಿಗೂ ಎಣ್ಣೆ ಹಚ್ಚಿದ್ದರು. ದೊಡ್ಡ ಕಛೇರಿಯೊಂದಕ್ಕೆಂದು ಮಾಡಿ, ನುಡಿಸಿ ನೋಡಿ, ತೂಗುಹಾಕಿದ್ದ ಕಮಾನಿನ ಬಿಳಿ ಕೂದಲು ನನ್ನ ಕಣ್ಣಿಗೆ ಒಣಗಿದಂತೆ ಕಂಡಿತು. ಸ್ಟೂಲು ಹತ್ತಿ, ಅಂಗೈಯಲ್ಲಿ ಉಳಿದಿದ್ದ ಎಣ್ಣೆಯನ್ನು ಮೇಲಿನಿಂದ ಕೆಳಗಿನವರೆಗೆ ಒಂದು ಸಲ ಸವರಿದೆ. ಮಧ್ಯಾಹ್ನ ವಿದ್ವಾಂಸರ ಶಿಷ್ಯ ಬಂದ. ದೊಡ್ಡಮ್ಮ ಕೈ ತೊಳೆದು, ಕಮಾನು ಇಳಿಸಿ, ಬಟ್ಟೆ ಸುತ್ತಿ ಕೊಟ್ಟರು. ವಾರದೊಳಗೆ ಅದು ವಾಪಸು ಬಂತು. ತುಂಬಿದ ಸಭೆಯಲ್ಲಿ ಪಿಟೀಲು ಸದ್ದೇ ಮಾಡಲಿಲ್ಲವಂತೆ. ದೊಡ್ಡಪ್ಪ ಕೂದಲನ್ನು ಮೂಸಿ, ದೊಡ್ಡಮ್ಮನ ಕಡೆ ತಿರುಗಿದರು.

“ಕೈ ತೊಳ್ದಿದ್ದೇನೇ?”

“ತೊಳ್ದಿದ್ದೆ ಕಣ್ರೀ.”

ಜಗಲಿಯಲ್ಲಿದ್ದ ನಮ್ಮಪ್ಪ ನಕ್ಕರು. “ಹೋಗ್ಲಿ ಬುಡಣ್ಣ, ಹಬ್ಬದ ದಿನ ಕುದ್ರೆಗೂ ಎಣ್ಣೆಸ್ನಾನ ಆಯ್ತು ಅನ್ಕೋ.”

ನಾನು ಕಂಬದ ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಸುದ್ದಿ ಹಬ್ಬಿ, ಕಮಾನಿಗೆಂದು ಜನ ಬರುವುದು ನಿಂತಿತು. ದೊಡ್ಡಪ್ಪ ಉಳಿ ಎತ್ತಿಟ್ಟು ಅಪ್ಪನ ಕೊಬ್ಬರಿ ಕೆಲಸಕ್ಕೆ ಇಳಿದರು. ಹತ್ತು ವರ್ಷ, ಸಾಯುವವರೆಗೆ, ಕಾಯಿ ಸುಲಿದರು. ಅಷ್ಟೂ ವರ್ಷ ದೊಡ್ಡಮ್ಮನ ಜೊತೆ ಮಾತಿಲ್ಲ. ಊಟಕ್ಕೆ ಕೂತಾಗ, ದೊಡ್ಡಮ್ಮನಿಗೆ ಸಾರು ತರಲು ಹೇಳು ಎಂದು ನನಗೆ ಹೇಳುವರು. ದೊಡ್ಡಮ್ಮ ಎದುರಿಗೇ ನಿಂತಿರುತ್ತಿದ್ದರು. ಆದರೂ ನಾನು ಹೇಳುತ್ತಿದ್ದೆ.

ದೊಡ್ಡಪ್ಪ ತೀರಿಕೊಂಡು ಕಾರ್ಯವೆಲ್ಲ ಮುಗಿದ ಮೇಲೆ, ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದ ದೊಡ್ಡಮ್ಮನಿಗೆ ನಿಜ ಹೇಳಿದೆ. ಅವರು ತಲೆಯೆತ್ತಲಿಲ್ಲ.

“ಗೊತ್ತಿತ್ತು ಕಣೇ. ಹಬ್ಬದ ದಿನ ಸ್ಟೂಲಿನ ಮೇಲೆ ನಿನ್ ಎಣ್ಣೆ ಕಾಲಿನ ಗುರ್ತು ನೋಡಿದ್ದೆ. ಕಮಾನು ವಾಪಸ್ ಬಂದಾಗ ಅರ್ಥ ಆಯ್ತು.”

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಮಗೀನ ಮೇಲೆ ಹಾಕಿ ತಪ್ಪಿಸ್ಕಂಡ್ಲು ಅಂತಿದ್ರು. ತೊಳ್ದಿದ್ದೆ ಅಂದಿದ್ನೇ ನಂಬ್ಲಿಲ್ವಲ್ಲ.”

ಬೆಳಗಿದ ಪಾತ್ರೆಗಳನ್ನು ಒಂದೊಂದಾಗಿ ಬೋರಲು ಹಾಕಿದರು. ನಾನು ಹೇಳಬೇಕಾಗಿದ್ದುದು ದೊಡ್ಡಪ್ಪನಿಗೆ. ಅವರನ್ನು ತೋಟದಲ್ಲಿ ಮಣ್ಣು ಮಾಡಿ ಆಗ ಹನ್ನೆರಡು ದಿನವಾಗಿತ್ತು.